ಸುಂಕರಹಿತ ಖರೀದಿ

ಸುಂಕರಹಿತ ಖರೀದಿ ಎಂದರೆ ಒಂದು ದೇಶದಿಂದ ಮತ್ತೊಂದು ದೇಶಕ್ಕೆ ಪ್ರಯಾಣಿಸುವವರು ಸೀಮಾಸುಂಕ, ಅಬಕಾರಿ ಸುಂಕ ಅಥವಾ ಮಾರಾಟದ ಮೇಲಿನ ತೆರಿಗೆಯನ್ನು ತೆರದೆ ಸರಕುಗಳನ್ನು ಕೊಳ್ಳಲು ಅವಕಾಶವಿರುವ ವ್ಯವಸ್ಥೆ. ಬಳಕೆಯ ಮಾತಿನಲ್ಲಿ ಇದನ್ನು ಡ್ಯೂಟಿ ಫ್ರೀ ಎನ್ನುತ್ತಾರೆ. ಕೊಂಡ ವಸ್ತುವು ಕೊಂಡ ದೇಶದಲ್ಲಿ ಬಳಕೆಯಾಗದೆ ಹೊರಹೋಗುತ್ತದೆ ಎಂಬುದೇ ಈ ವಿನಾಯಿತಿಗೆ ಆಧಾರ. ಆದರೆ ವಿನಾಯಿತಿಯನ್ನು ನೀಡುವುದು ವಸ್ತುವು ಹೊರಡುವ ದೇಶ. ಅದು ಹೋಗಿ ಸೇರುವ ದೇಶವು ತನ್ನ ಸುಂಕವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕುತ್ತದೆ. ಈ ವ್ಯತ್ಯಾಸವನ್ನು ಗಮನಿಸದ ಪ್ರಯಾಣಿಕರು ಅಂಗಡಿಯಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚಿನ ಮೊತ್ತವನ್ನು ತಾಯ್ನಾಡಿಗೆ ಮರಳುವಾಗ ಸುಂಕವಾಗಿ ತೆರಬೇಕಾಗಿ ಬರುವುದುಂಟು.

ಈ ವ್ಯವಸ್ಥೆಯನ್ನು ವಿವರಿಸಲು ಇಲ್ಲಿ ಜಪಾನಿನ ಟೋಕಿಯೊ ನಗರವನ್ನೂ, ಕರ್ನಾಟಕದ ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣದ ಕಡೆಯಿಂದ ಅಲ್ಲಿಗೆ ಹೋಗಿಬರುವ ಪ್ರಯಾಣಿಕರನ್ನೂ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಪದದ ಹಿನ್ನೆಲೆ

ಕನ್ನಡದ 'ಸುಂಕ' ಎಂಬುದು ಸಂಸ್ಕೃತದ 'ಶುಲ್ಕ' ಶಬ್ದದ ತದ್ಭವ. ಹೊಯ್ಸಳರ ಕಾಲದ ಶಾಸನಗಳಲ್ಲಿ ಸುಂಕ, ಹೆಜ್ಜುಂಕ, ವಡ್ಡರಾವುಳ ಮುಂತಾದ ತೆರಿಗೆಗಳ ಹೆಸರುಗಳು ಕಂಡುಬರುತ್ತವೆ. ಹೀಗೆ ಬಂದ ಆದಾಯವನ್ನು ದೇವಾಲಯಗಳಿಗೆ ಬಿಟ್ಟುಕೊಟ್ಟ ಉಲ್ಲೇಖಗಳೂ ಇವೆ. ಸುಂಕದಕಟ್ಟೆ ಎಂಬ ಸ್ಥಳನಾಮ ಸುಂಕ ವಸೂಲಿಯ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. 'ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ' ಎಂಬ ಗಾದೆಯು ಸುಂಕದ ಕಟ್ಟೆಯಲ್ಲಿ ಮಾತಿಗಿಂತ ನಿಯಮಕ್ಕೇ ಬೆಲೆ ಎಂಬ ಅನುಭವದಿಂದ ಹುಟ್ಟಿದ್ದು.

ಸುಂಕದಿಂದ ವಿನಾಯಿತಿ ನೀಡುವ ಕ್ರಮವೂ ಹಳೆಯದೇ. ಕೌಟಿಲ್ಯನ ಅರ್ಥಶಾಸ್ತ್ರವು ವಿವಾಹ, ವಧುವಿನ ಬಳುವಳಿ, ಯಜ್ಞ, ದೇವಪೂಜೆ, ಉಪನಯನ ಮೊದಲಾದ ಕಾರ್ಯಗಳಿಗಾಗಿ ಒಯ್ಯುವ ವಸ್ತುಗಳಿಗೆ ಶುಲ್ಕವಿಲ್ಲವೆಂದು ವಿಧಿಸುತ್ತದೆ. ಇಂಥ ಕಾರಣವನ್ನು ಸುಳ್ಳಾಗಿ ಹೇಳಿದವನಿಗೆ ಕಳ್ಳತನಕ್ಕೆ ಸಮನಾದ ದಂಡವನ್ನೂ ಅದು ಹೇಳುತ್ತದೆ. ಮಾರಾಟದ ಸರಕು ಬೇರೆ, ಸ್ವಂತ ಬಳಕೆಯ ವಸ್ತು ಬೇರೆ ಎಂಬ ಈ ವಿಂಗಡಣೆಯೇ ಇಂದಿನ ಪ್ರಯಾಣಿಕರ ಸಾಮಾನಿನ ನಿಯಮಗಳಿಗೂ ತಳಹದಿಯಾಗಿದೆ.

ಆಧುನಿಕ ಇತಿಹಾಸ

ವಿಮಾನ ನಿಲ್ದಾಣದ ಮೊದಲ ಸುಂಕರಹಿತ ಅಂಗಡಿಯು 1947ರಲ್ಲಿ ಐರ್ಲೆಂಡಿನ ಶಾನನ್‌ನಲ್ಲಿ ಆರಂಭವಾಯಿತು. ಅಟ್ಲಾಂಟಿಕ್ ಸಾಗರವನ್ನು ದಾಟುವ ವಿಮಾನಗಳು ಇಂಧನ ತುಂಬಿಸಿಕೊಳ್ಳಲು ಅಲ್ಲಿ ಇಳಿಯುತ್ತಿದ್ದವು. ಹಾಗೆ ಇಳಿದ ಪ್ರಯಾಣಿಕರು ಐರ್ಲೆಂಡಿನ ಒಳಗೆ ಪ್ರವೇಶಿಸದೇ ಮುಂದೆ ಸಾಗುವುದರಿಂದ ಅವರಿಗೆ ಅಲ್ಲಿನ ಸುಂಕ ಅನ್ವಯಿಸಬೇಕಿಲ್ಲ ಎಂಬುದು ಬ್ರೆಂಡನ್ ಓ'ರೀಗನ್ ಎಂಬವರ ಆಲೋಚನೆಯಾಗಿತ್ತು. 1960ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚಕ್ ಫೀನಿ ಮತ್ತು ರಾಬರ್ಟ್ ಮಿಲ್ಲರ್ ಅವರು ಸ್ಥಾಪಿಸಿದ ಡಿಎಫ್‌ಎಸ್ ಸಂಸ್ಥೆ ಈ ವ್ಯಾಪಾರವನ್ನು ಏಷ್ಯಾದಲ್ಲಿ ಹರಡಿತು. 1964ರಲ್ಲಿ ಜಪಾನ್ ತನ್ನ ಪ್ರಜೆಗಳ ವಿದೇಶ ಪ್ರವಾಸದ ಮೇಲಿನ ನಿರ್ಬಂಧಗಳನ್ನು ಸಡಿಲಿಸಿದ ಬಳಿಕ ಹವಾಯಿ ಮತ್ತು ಹಾಂಗ್‌ಕಾಂಗ್‌ಗಳ ಸುಂಕರಹಿತ ಅಂಗಡಿಗಳಿಗೆ ಜಪಾನಿ ಪ್ರವಾಸಿಗರೇ ಮುಖ್ಯ ಗ್ರಾಹಕರಾದರು. ಐರೋಪ್ಯ ಒಕ್ಕೂಟವು ತನ್ನ ಸದಸ್ಯ ದೇಶಗಳ ನಡುವಿನ ಪ್ರಯಾಣಕ್ಕೆ ಇದ್ದ ಸುಂಕರಹಿತ ಮಾರಾಟವನ್ನು 1999ರಲ್ಲಿ ರದ್ದುಪಡಿಸಿತು.

ಮೂರು ಬಗೆಯ ವಿನಾಯಿತಿಗಳು

ಡ್ಯೂಟಿ ಫ್ರೀ ಎಂಬ ಒಂದೇ ಮಾತಿನಲ್ಲಿ ಸಾಮಾನ್ಯವಾಗಿ ಮೂರು ಬೇರೆ ಬೇರೆ ವಿಷಯಗಳು ಬೆರೆತುಹೋಗುತ್ತವೆ.

ಮೊದಲನೆಯದು ಸುಂಕರಹಿತ ಅಂಗಡಿ. ಇದು ಹೆಚ್ಚಾಗಿ ವಿಮಾನ ನಿಲ್ದಾಣದಲ್ಲಿ ವಲಸೆ ತಪಾಸಣೆಯ ಆಚೆಗೆ ಇರುತ್ತದೆ. ಇಲ್ಲಿನ ವಿದೇಶಿ ಮದ್ಯ, ಸುಗಂಧದ್ರವ್ಯ, ಸಿಗರೇಟು ಮುಂತಾದವು ಆ ದೇಶದೊಳಗೆ ಆಮದಾದವೆಂದು ಪರಿಗಣಿಸಲ್ಪಡುವುದಿಲ್ಲ. ಆದ್ದರಿಂದ ಅವುಗಳ ಮೇಲೆ ಸೀಮಾಸುಂಕವೂ ಇತರ ತೆರಿಗೆಗಳೂ ಇರುವುದಿಲ್ಲ.

ಎರಡನೆಯದು ತೆರಿಗೆರಹಿತ ಮಾರಾಟ ಅಥವಾ ತೆರಿಗೆಯ ಮರುಪಾವತಿ. ಊರೊಳಗಿನ ಸಾಧಾರಣ ಅಂಗಡಿಯಲ್ಲಿ ವಿದೇಶಿ ಪ್ರವಾಸಿಯು ಕೊಂಡ ವಸ್ತುವಿನ ಮೇಲಿನ ಮಾರಾಟ ತೆರಿಗೆಯನ್ನು ಮಾತ್ರ ಇಲ್ಲಿ ಬಿಡಲಾಗುತ್ತದೆ. ವಸ್ತುವನ್ನು ಆಮದು ಮಾಡಿಕೊಳ್ಳುವಾಗ ತೆತ್ತ ಸುಂಕವು ಅದರ ಬೆಲೆಯಲ್ಲಿ ಸೇರಿಯೇ ಇರುತ್ತದೆ.

ಮೂರನೆಯದು ಆಗಮನದ ವಿನಾಯಿತಿ. ಪ್ರಯಾಣಿಕನು ತನ್ನೊಡನೆ ತರುವ ವಸ್ತುಗಳಲ್ಲಿ ಇಂತಿಷ್ಟು ಬೆಲೆಯವರೆಗೆ ಸುಂಕವಿಲ್ಲವೆಂದು ಅವನು ಬಂದಿಳಿಯುವ ದೇಶವು ನಿಗದಿಪಡಿಸಿದ ಮಿತಿ ಇದು. ಮೊದಲೆರಡು ವಿನಾಯಿತಿಗಳನ್ನು ಪಡೆದ ಮಾತ್ರಕ್ಕೆ ಮೂರನೆಯದು ತಾನಾಗಿ ದೊರೆಯುವುದಿಲ್ಲ.

ಜಪಾನಿನ ವ್ಯವಸ್ಥೆ

ಜಪಾನೀ ಭಾಷೆಯಲ್ಲಿ ಸುಂಕರಹಿತ, ತೆರಿಗೆರಹಿತ ಎರಡಕ್ಕೂ 'ಮೆನ್‌ಜೇ' ಎಂಬ ಒಂದೇ ಪದವಿದೆ. ಆದ್ದರಿಂದ ಅಲ್ಲಿಗೆ ಹೋದವರಿಗೆ ಗೊಂದಲವಾಗುವುದು ಸಹಜ. ಟೋಕಿಯೊದ ಗಿಂಜಾ, ಅಕಿಹಬಾರಾ ಮುಂತಾದ ಪ್ರದೇಶಗಳ ಅಂಗಡಿಗಳಲ್ಲಿ ಕಾಣುವ ಫಲಕಗಳು ಬಹುಪಾಲು ತೆರಿಗೆರಹಿತ ಮಾರಾಟವನ್ನೇ ಸೂಚಿಸುತ್ತವೆ. ಅಲ್ಲಿ ಬಿಡಲಾಗುವುದು ಬಳಕೆ ತೆರಿಗೆ ಮಾತ್ರ.

ಬಳಕೆ ತೆರಿಗೆಯು ಜಪಾನಿನಲ್ಲಿ 1989ರ ಏಪ್ರಿಲ್‌ನಲ್ಲಿ ಶೇಕಡಾ 3ರ ದರದಲ್ಲಿ ಜಾರಿಗೆ ಬಂದಿತು. 1997ರಲ್ಲಿ ಶೇಕಡಾ 5ಕ್ಕೆ, 2014ರಲ್ಲಿ ಶೇಕಡಾ 8ಕ್ಕೆ, 2019ರ ಅಕ್ಟೋಬರ್‌ನಲ್ಲಿ ಶೇಕಡಾ 10ಕ್ಕೆ ಏರಿತು. ಮದ್ಯವನ್ನು ಬಿಟ್ಟು ಉಳಿದ ಆಹಾರ ಪದಾರ್ಥಗಳಿಗೆ ಶೇಕಡಾ 8ರ ದರವನ್ನೇ ಉಳಿಸಿಕೊಳ್ಳಲಾಯಿತು. ದರ ಏರಿದಂತೆ ಪ್ರವಾಸಿಗರಿಗೆ ದೊರೆಯುವ ವಿನಾಯಿತಿಯ ಮೌಲ್ಯವೂ ಏರಿತು. 2014ರ ಅಕ್ಟೋಬರ್‌ನಿಂದ ತಿಂಡಿ ತಿನಿಸು, ಪಾನೀಯ, ಸೌಂದರ್ಯವರ್ಧಕ ಮತ್ತು ಔಷಧಿಗಳನ್ನೂ ತೆರಿಗೆರಹಿತ ಮಾರಾಟಕ್ಕೆ ಸೇರಿಸಲಾಯಿತು.

ಈ ಸೌಲಭ್ಯಕ್ಕೆ ಒಂದೇ ದಿನ ಒಂದೇ ಅಂಗಡಿಯಲ್ಲಿ ತೆರಿಗೆ ಬಿಟ್ಟು ಕನಿಷ್ಠ 5,000 ಯೆನ್ ಬೆಲೆಯ ಖರೀದಿ ಆಗಬೇಕು. ಕೊಳ್ಳುವವರೇ ಖುದ್ದಾಗಿ ತಮ್ಮ ಪಾಸ್‌ಪೋರ್ಟ್ ತೋರಿಸಬೇಕು. 2021ರ ಅಕ್ಟೋಬರ್‌ನಿಂದ ಖರೀದಿಯ ವಿವರಗಳನ್ನು ಅಂಗಡಿಯವರು ವಿದ್ಯುನ್ಮಾನ ಮಾರ್ಗದಲ್ಲಿಯೇ ತೆರಿಗೆ ಇಲಾಖೆಗೆ ಕಳುಹಿಸುವುದು ಕಡ್ಡಾಯವಾಯಿತು. ಈ ಪದ್ಧತಿಯಲ್ಲಿ ಆಹಾರ, ಸೌಂದರ್ಯವರ್ಧಕದಂತಹ ವಸ್ತುಗಳನ್ನು ವಿಶೇಷ ಚೀಲದಲ್ಲಿ ಮೊಹರು ಮಾಡಿ ಕೊಡಲಾಗುತ್ತಿತ್ತು. ಜಪಾನನ್ನು ಬಿಡುವವರೆಗೆ ಅದನ್ನು ತೆರೆಯುವಂತಿರಲಿಲ್ಲ. ದೇಶ ಬಿಡುವಾಗ ವಸ್ತು ಪ್ರಯಾಣಿಕನ ಬಳಿ ಇಲ್ಲದಿದ್ದರೆ ಬಿಟ್ಟ ತೆರಿಗೆಯನ್ನು ವಸೂಲು ಮಾಡಲು ಸೀಮಾಸುಂಕ ಅಧಿಕಾರಿಗಳಿಗೆ ಅಧಿಕಾರವಿದೆ.

ತೆರಿಗೆಯಿಲ್ಲದೆ ಕೊಂಡ ವಸ್ತುಗಳನ್ನು ಜಪಾನಿನೊಳಗೇ ಮರುಮಾರಾಟ ಮಾಡುವ ವಂಚನೆಗಳು ಬೆಳಕಿಗೆ ಬಂದುದರಿಂದ ಈ ಪದ್ಧತಿಯನ್ನು ಬದಲಿಸಲು ನಿರ್ಧರಿಸಲಾಯಿತು. 2026ರ ನವೆಂಬರ್ 1ರಿಂದ ಮರುಪಾವತಿ ಪದ್ಧತಿ ಜಾರಿಯಾಗುವಂತೆ ಕಾನೂನನ್ನು ತಿದ್ದಲಾಗಿದೆ. ಅದರಂತೆ ಪ್ರವಾಸಿಯು ಅಂಗಡಿಯಲ್ಲಿ ತೆರಿಗೆ ಸಹಿತ ಪೂರ್ಣ ಬೆಲೆಯನ್ನು ಕೊಡಬೇಕು. ಖರೀದಿಸಿದ 90 ದಿನಗಳೊಳಗೆ ದೇಶ ಬಿಡುವಾಗ ಸೀಮಾಸುಂಕದ ತಪಾಸಣೆಯಾದ ಬಳಿಕ ತೆರಿಗೆಯ ಮೊತ್ತ ಹಿಂದಿರುಗುತ್ತದೆ. ಮೊಹರು ಮಾಡಿದ ಚೀಲದ ನಿಯಮವು ಈ ಪದ್ಧತಿಯಲ್ಲಿ ಇರುವುದಿಲ್ಲ.

ಯಾರಿಗೆ ಅನ್ವಯಿಸುವುದಿಲ್ಲ

ತೆರಿಗೆ ವಿನಾಯಿತಿ ಅಲ್ಪಾವಧಿಯ ಭೇಟಿಗೆ ಬಂದವರಿಗೆ ಮಾತ್ರ. ಜಪಾನಿನಲ್ಲಿ ಉದ್ಯೋಗದಲ್ಲಿರುವ ವಿದೇಶಿಯರನ್ನೂ, ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಅಲ್ಲಿ ನೆಲೆಸಿದವರನ್ನೂ ನಿವಾಸಿಗಳೆಂದು ಪರಿಗಣಿಸಲಾಗುತ್ತದೆ. ಅವರ ಪೌರತ್ವ ಯಾವುದೇ ಇರಲಿ, ಈ ಸೌಲಭ್ಯ ಅವರಿಗಿಲ್ಲ.

ಟೋಕಿಯೊದಲ್ಲಿ ಕೆಲಸ ಮಾಡುವ ಮಗನನ್ನೋ ಮಗಳನ್ನೋ ನೋಡಲು ಊರಿನಿಂದ ಹೋಗುವ ತಂದೆ ತಾಯಿಯರ ವಿಷಯದಲ್ಲಿ ಇದು ಮುಖ್ಯವಾಗುತ್ತದೆ. ತಂದೆ ತಾಯಿಯರು ವಿನಾಯಿತಿಗೆ ಅರ್ಹರು, ಮಗ ಅರ್ಹನಲ್ಲ. ತಂದೆಯ ಪಾಸ್‌ಪೋರ್ಟಿನಲ್ಲಿ ತೆರಿಗೆಯಿಲ್ಲದೆ ಕೊಂಡ ವಸ್ತುವನ್ನು ಮಗನ ಮನೆಯಲ್ಲಿಯೇ ಬಿಟ್ಟುಬರುವುದು ನಿಯಮೋಲ್ಲಂಘನೆ. ಅನೇಕರು ಇದನ್ನು ಅರಿಯದೆ, ಒಂದೇ ಮನೆಯವರಲ್ಲವೇ ಎಂಬ ಭಾವನೆಯಿಂದ ಮಾಡುತ್ತಾರೆ. ವಸ್ತುವು ದೇಶ ಬಿಟ್ಟು ಹೋಗಲೇಬೇಕೆಂಬುದೇ ವಿನಾಯಿತಿಯ ಷರತ್ತಾದ್ದರಿಂದ ಕುಟುಂಬ ಸಂಬಂಧವನ್ನು ಅಲ್ಲಿ ಪರಿಗಣಿಸಲಾಗುವುದಿಲ್ಲ.

ಜಪಾನಿನ ಸುಂಕರಹಿತ ಅಂಗಡಿಗಳು

ನರಿತಾ ಮತ್ತು ಹನೆದಾ ವಿಮಾನ ನಿಲ್ದಾಣಗಳಲ್ಲಿ ನೈಜ ಅರ್ಥದ ಸುಂಕರಹಿತ ಅಂಗಡಿಗಳಿವೆ. 2016ರಲ್ಲಿ ಟೋಕಿಯೊದ ಗಿಂಜಾದಲ್ಲಿಯೂ ಇಂಥ ಅಂಗಡಿಗಳು ಆರಂಭವಾದವು. ನಗರದ ಮಧ್ಯದಲ್ಲಿ ಕೊಂಡ ವಿದೇಶಿ ವಸ್ತುಗಳನ್ನು ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಹಸ್ತಾಂತರಿಸುವುದು ಇವುಗಳ ಕ್ರಮ. ಒಕಿನಾವಾ ದ್ವೀಪದ ನಾಹಾ ನಗರದಲ್ಲಿ ಮತ್ತೊಂದು ವಿಶೇಷವಿದೆ. 1972ರವರೆಗೆ ಅಮೆರಿಕದ ಆಡಳಿತದಲ್ಲಿದ್ದ ಈ ದ್ವೀಪದ ಅಭಿವೃದ್ಧಿಗಾಗಿ, ಅಲ್ಲಿಂದ ಜಪಾನಿನ ಬೇರೆ ಭಾಗಗಳಿಗೆ ವಿಮಾನದಲ್ಲಿ ಹೋಗುವ ದೇಶೀಯ ಪ್ರಯಾಣಿಕರಿಗೂ ಸುಂಕರಹಿತ ಖರೀದಿಯ ಅವಕಾಶವಿದೆ.

ಜಪಾನಿಗೆ ಒಯ್ಯುವ ವಸ್ತುಗಳು

ಜಪಾನನ್ನು ಪ್ರವೇಶಿಸುವ ವಯಸ್ಕ ಪ್ರಯಾಣಿಕರು ಸುಮಾರು 760 ಮಿಲಿಲೀಟರಿನ ಮೂರು ಬಾಟಲಿ ಮದ್ಯ, 200 ಸಿಗರೇಟು ಹಾಗೂ ಒಟ್ಟು 2,00,000 ಯೆನ್ ಬೆಲೆಯ ಇತರ ವಸ್ತುಗಳನ್ನು ಸುಂಕವಿಲ್ಲದೆ ಒಯ್ಯಬಹುದು. ಆದರೆ ಸುಂಕವಿಲ್ಲ ಎಂಬುದಕ್ಕೂ ನಿಷೇಧವಿಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ಮಾಂಸದ ಪದಾರ್ಥಗಳನ್ನು ಸ್ವಂತ ಬಳಕೆಗೆಂದು ಒಯ್ಯುವಂತಿಲ್ಲ. ತಾಜಾ ಹಣ್ಣು, ತರಕಾರಿ, ಬಿತ್ತನೆ ಬೀಜಗಳಿಗೆ ಸಸ್ಯರೋಗ ತಪಾಸಣೆಯ ಪ್ರಮಾಣಪತ್ರ ಬೇಕು. ಮನೆಯ ಹಿತ್ತಿಲಿನ ಕರಿಬೇವು, ಮಾವಿನಕಾಯಿಗಳೂ ಈ ನಿಯಮಕ್ಕೆ ಒಳಪಡುತ್ತವೆ.

ಭಾರತಕ್ಕೆ ಮರಳುವಾಗ

ಭಾರತದಲ್ಲಿ ಪ್ರಯಾಣಿಕರ ಸಾಮಾನಿನ ಸುಂಕವನ್ನು 1962ರ ಸೀಮಾಸುಂಕ ಕಾಯಿದೆ ಮತ್ತು ಅದರ ಅಡಿಯ ಬ್ಯಾಗೇಜ್ ನಿಯಮಗಳು ನಿರ್ಧರಿಸುತ್ತವೆ. ನಿವಾಸಿಗಳ ವಿನಾಯಿತಿಯ ಮಿತಿಯನ್ನು 2014ರಲ್ಲಿ 35,000 ರೂಪಾಯಿಗಳಿಂದ 45,000 ರೂಪಾಯಿಗಳಿಗೆ ಏರಿಸಲಾಯಿತು. 2016ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಅದನ್ನು 50,000 ರೂಪಾಯಿಗಳೆಂದು ನಿಗದಿಪಡಿಸಿದವು. ಈ ಮಿತಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಲಾಗುವುದರಿಂದ ಪ್ರಯಾಣಕ್ಕೆ ಮೊದಲು ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿಯ ಪ್ರಕಟಣೆಯನ್ನು ನೋಡಿಕೊಳ್ಳುವುದು ಅಗತ್ಯ. 2016ರ ನಿಯಮಗಳ ಮುಖ್ಯಾಂಶಗಳು ಹೀಗಿದ್ದವು:

• ಬಳಸಿದ ಬಟ್ಟೆಬರೆ ಮುಂತಾದ ಸ್ವಂತ ಉಪಯೋಗದ ವಸ್ತುಗಳಿಗೆ ಸುಂಕವಿಲ್ಲ.
• 18 ವರ್ಷ ಮತ್ತು ಮೇಲ್ಪಟ್ಟ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು.
• ಮದ್ಯಕ್ಕೆ 2 ಲೀಟರ್, ಸಿಗರೇಟಿಗೆ 100ರ ಮಿತಿ.
• ಚಪ್ಪಟೆ ಪರದೆಯ ದೂರದರ್ಶನ ಹಾಗೂ ಆಭರಣದ ರೂಪದಲ್ಲಿಲ್ಲದ ಚಿನ್ನ, ಬೆಳ್ಳಿಗಳಿಗೆ ಈ ವಿನಾಯಿತಿ ಇಲ್ಲ.
• ಒಬ್ಬರ ಮಿತಿಯನ್ನು ಮತ್ತೊಬ್ಬರ ಮಿತಿಯೊಂದಿಗೆ ಕೂಡಿಸುವಂತಿಲ್ಲ. ಪತಿ ಪತ್ನಿಯರ ಮಿತಿಗಳನ್ನು ಸೇರಿಸಿ ಒಂದೇ ದುಬಾರಿ ವಸ್ತುವನ್ನು ಸುಂಕವಿಲ್ಲದೆ ತರಲು ಬರುವುದಿಲ್ಲ.

ಭಾರತದ ವಿಮಾನ ನಿಲ್ದಾಣಗಳ ಆಗಮನ ವಿಭಾಗದಲ್ಲಿಯೂ ಸುಂಕರಹಿತ ಅಂಗಡಿಗಳಿವೆ. ಅಲ್ಲಿ ಕೊಂಡ ವಸ್ತುಗಳು ಈ ಮಿತಿಗೆ ಹೊರತಲ್ಲ. ವಿದೇಶದಿಂದ 2 ಲೀಟರ್ ಮದ್ಯವನ್ನು ತಂದವರು ಆಗಮನದ ಅಂಗಡಿಯಲ್ಲಿ ಮತ್ತೊಂದು ಬಾಟಲಿಯನ್ನು ಕೊಂಡರೆ ಮಿತಿಯನ್ನು ಮೀರಿದಂತಾಗುತ್ತದೆ.

ಸುಂಕ ತೆರಬೇಕಾದ ವಸ್ತು ಇಲ್ಲದವರು ಹಸಿರು ಮಾರ್ಗದಲ್ಲಿಯೂ, ಇರುವವರು ಕೆಂಪು ಮಾರ್ಗದಲ್ಲಿಯೂ ಹೋಗಬೇಕು. ಕೆಂಪು ಮಾರ್ಗವು ತಪ್ಪಿತಸ್ಥರ ಸಾಲಲ್ಲ, ಘೋಷಣೆ ಮಾಡಿ ಸುಂಕ ಕಟ್ಟುವ ಸ್ಥಳ. ಸುಂಕಾರ್ಹ ವಸ್ತುವನ್ನು ಘೋಷಿಸದೆ ಹಸಿರು ಮಾರ್ಗದಲ್ಲಿ ಹೋಗಿ ಸಿಕ್ಕಿಬಿದ್ದರೆ ಸುಂಕದ ಜೊತೆಗೆ ದಂಡವನ್ನೂ ತೆರಬೇಕಾಗಬಹುದು, ವಸ್ತುವನ್ನು ಮುಟ್ಟುಗೋಲು ಹಾಕಿಕೊಳ್ಳಲೂಬಹುದು.

ಒಂದು ಲೆಕ್ಕ

ಪ್ರಯಾಣಿಕರೊಬ್ಬರು ಟೋಕಿಯೊದಲ್ಲಿ ತೆರಿಗೆ ಬಿಟ್ಟು 90,000 ರೂಪಾಯಿಗಳಿಗೆ ಸಮನಾದ ಬೆಲೆಯ ಕ್ಯಾಮೆರಾ ಕೊಂಡರೆಂದು ಭಾವಿಸಬಹುದು. ಶೇಕಡಾ 10ರ ಬಳಕೆ ತೆರಿಗೆ ಇಲ್ಲದ್ದರಿಂದ ಅವರಿಗೆ 9,000 ರೂಪಾಯಿ ಉಳಿಯುತ್ತದೆ. ಭಾರತಕ್ಕೆ ಮರಳಿದಾಗ 2016ರ ನಿಯಮಗಳಲ್ಲಿದ್ದ 50,000 ರೂಪಾಯಿಗಳ ಮಿತಿಯನ್ನು ಕಳೆದರೆ ಸುಂಕಕ್ಕೆ ಒಳಪಡುವ ಮೊತ್ತ 40,000 ರೂಪಾಯಿ. ಮಿತಿ ಮೀರಿದ ಸಾಮಾನಿಗೆ ಶೇಕಡಾ 35 ಸುಂಕ, ಆ ಸುಂಕದ ಮೇಲೆ ಶೇಕಡಾ 10 ಸಮಾಜ ಕಲ್ಯಾಣ ಅಧಿಭಾರ ಎಂದು ಲೆಕ್ಕ ಹಾಕಿದರೆ 14,000 ರೂಪಾಯಿ ಮತ್ತು 1,400 ರೂಪಾಯಿ, ಒಟ್ಟು 15,400 ರೂಪಾಯಿ ಆಗುತ್ತದೆ. ಅಂದರೆ ಕ್ಯಾಮೆರಾದ ಒಟ್ಟು ವೆಚ್ಚ 1,05,400 ರೂಪಾಯಿ. ಅದೇ ಕ್ಯಾಮೆರಾ ಭಾರತದಲ್ಲಿ ಜಿಎಸ್‌ಟಿ ಸೇರಿ ಇದಕ್ಕಿಂತ ಹೆಚ್ಚು ಬೆಲೆಗೆ ಮಾರಾಟವಾಗುತ್ತಿದ್ದರೆ ಮಾತ್ರ ಟೋಕಿಯೊದ ಖರೀದಿ ಲಾಭಕರ. ಮಿತಿ ಅಥವಾ ದರ ಬದಲಾದರೆ ಅಂಕಿಗಳು ಬದಲಾಗುತ್ತವೆ, ಲೆಕ್ಕದ ಕ್ರಮ ಬದಲಾಗುವುದಿಲ್ಲ.

ಬೆಲೆಯ ಆಚೆಗಿನ ಅಂಶಗಳೂ ಇವೆ. ಜಪಾನಿನ ಮನೆಗಳಲ್ಲಿ ವಿದ್ಯುತ್ತಿನ ಒತ್ತಡ 100 ವೋಲ್ಟ್, ಭಾರತದಲ್ಲಿ 230 ವೋಲ್ಟ್. ಜಪಾನಿನ ಬಳಕೆಗೆಂದೇ ತಯಾರಾದ ಅನ್ನ ಬೇಯಿಸುವ ಕುಕ್ಕರನ್ನು ಊರಿನ ವಿದ್ಯುತ್ತಿಗೆ ನೇರವಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. ಹಲವು ವಸ್ತುಗಳ ಖಾತರಿಯು ಜಪಾನಿನೊಳಗೆ ಮಾತ್ರ ಅನ್ವಯಿಸುತ್ತದೆ. 100 ಮಿಲಿಲೀಟರಿಗಿಂತ ಹೆಚ್ಚಿನ ದ್ರವಪದಾರ್ಥಗಳನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಕೊಂಡು ಮೊಹರು ಮಾಡಿಸಿದ ಬಾಟಲಿಗೆ ಇದರಿಂದ ವಿನಾಯಿತಿ ಇದ್ದರೂ, ದಾರಿಯಲ್ಲಿ ವಿಮಾನ ಬದಲಿಸುವವರು ಆ ಚೀಲವನ್ನು ಒಡೆಯದೆ ಕಾಪಾಡಿಕೊಳ್ಳಬೇಕು.

ಹಾಸನ ಜಿಲ್ಲೆಯ ಪ್ರಯಾಣಿಕರು

ಹಾಸನ ಜಿಲ್ಲೆಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿಲ್ಲ. ಇಲ್ಲಿನವರು ಜಪಾನಿಗೆ ಹೋಗಲು ಸಾಮಾನ್ಯವಾಗಿ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು ಅವಲಂಬಿಸುತ್ತಾರೆ. ಹಾಸನ ಮತ್ತು ಚನ್ನರಾಯಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 75ರ ಮೇಲಿವೆ. ಶ್ರವಣಬೆಳಗೊಳ, ಕುಣಿಗಲ್ ಮಾರ್ಗವಾಗಿ ಹಾಸನ ಮತ್ತು ಬೆಂಗಳೂರನ್ನು ಸೇರಿಸುವ ರೈಲು ಮಾರ್ಗವು 2017ರಲ್ಲಿ ಪೂರ್ಣಗೊಂಡಿತು. ಹೊಳೆನರಸೀಪುರವು ಮೈಸೂರು–ಹಾಸನ ರೈಲು ಮಾರ್ಗದಲ್ಲಿದೆ. ಅರಕಲಗೂಡಿನವರು ರಸ್ತೆಯ ಮೂಲಕವೇ ಹೊರಡಬೇಕು. ತಪಾಸಣೆಯಲ್ಲಿ ತಡೆಹಿಡಿಯಲಾದ ವಸ್ತುವನ್ನು ಬಿಡಿಸಿಕೊಳ್ಳಲು ಇಷ್ಟು ದೂರವನ್ನು ಮತ್ತೊಮ್ಮೆ ಕ್ರಮಿಸಬೇಕಾಗುವುದರಿಂದ, ಈ ಭಾಗದವರಿಗೆ ನಿಯಮಗಳ ಪೂರ್ವಪರಿಚಯ ಹೆಚ್ಚು ಉಪಯುಕ್ತ.

ಮಾಂಗಲ್ಯ, ಬಳೆ, ಸರ ಮುಂತಾದ ಆಭರಣಗಳನ್ನು ಧರಿಸಿ ಹೋಗುವವರು ಹಾಗೂ ಬೆಲೆಬಾಳುವ ಕ್ಯಾಮೆರಾ ಒಯ್ಯುವವರು ನಿರ್ಗಮನದ ಸಮಯದಲ್ಲಿಯೇ ಸೀಮಾಸುಂಕ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರವನ್ನು ಪಡೆಯಬಹುದು. ಅವು ಭಾರತದಿಂದಲೇ ಹೋದವು ಎಂಬುದಕ್ಕೆ ಅದು ಆಧಾರವಾಗಿ, ಮರಳುವಾಗ ಅವುಗಳ ಮೇಲೆ ಸುಂಕದ ಪ್ರಶ್ನೆ ಏಳುವುದಿಲ್ಲ. ವಿದೇಶದಲ್ಲಿ ಕೊಂಡ ವಸ್ತುಗಳ ರಸೀದಿಗಳನ್ನು ಇಟ್ಟುಕೊಳ್ಳುವುದರಿಂದ ಬೆಲೆಯ ಬಗ್ಗೆ ವಿವಾದ ತಪ್ಪುತ್ತದೆ.

ಹಾಸನ ಜಿಲ್ಲೆಗೆ ಬರುವ ಪ್ರವಾಸಿಗರು

ಬೇಲೂರು ಮತ್ತು ಹಳೇಬೀಡಿನ ಹೊಯ್ಸಳ ದೇವಾಲಯಗಳು ಸೋಮನಾಥಪುರದ ದೇವಾಲಯದೊಂದಿಗೆ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೂ ವಿದೇಶಿಯರು ಬರುತ್ತಾರೆ. ಜಪಾನಿನ ಪ್ರವಾಸಿಯೊಬ್ಬರು ಬೇಲೂರಿನಲ್ಲಿ ಕರಕುಶಲ ವಸ್ತುವೊಂದನ್ನು ಕೊಂಡರೆ, ಟೋಕಿಯೊದಲ್ಲಿ ಭಾರತೀಯರಿಗೆ ದೊರೆಯುವಂತಹ ತೆರಿಗೆ ವಿನಾಯಿತಿ ಅವರಿಗೆ ದೊರೆಯುತ್ತದೆಯೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. 2017ರ ಸಮಗ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 15ನೆಯ ಕಲಮು ಇಂಥ ಮರುಪಾವತಿಗೆ ಅವಕಾಶ ಕಲ್ಪಿಸಿದೆ. ಆದರೆ 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದಾಗ ಈ ಕಲಮನ್ನು ಜಾರಿಗೊಳಿಸಲಿಲ್ಲ.

ಅದೇ ವಸ್ತುವನ್ನು ವ್ಯಾಪಾರಿಯೊಬ್ಬರು ರಫ್ತು ಮಾಡಿದರೆ ಅದಕ್ಕೆ ತೆರಿಗೆಯ ಭಾರವಿಲ್ಲ. ಸಕಲೇಶಪುರದ ಕಾಫಿಯಾಗಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಹರಾಜು ಮಾರುಕಟ್ಟೆಯಲ್ಲಿ ಮಾರಾಟವಾಗುವ ಹೊಗೆಸೊಪ್ಪಾಗಲಿ, ರಫ್ತಾದಾಗ ಜಿಎಸ್‌ಟಿಯಲ್ಲಿ ಶೂನ್ಯ ದರಕ್ಕೆ ಒಳಪಡುತ್ತವೆ. ತೆರಿಗೆ ಬಳಕೆಯ ಸ್ಥಳಕ್ಕೆ ಸೇರಿದ್ದು ಎಂಬ ತತ್ತ್ವವನ್ನು ಹಡಗಿನಲ್ಲಿ ಹೋಗುವ ಮೂಟೆಗೆ ಅನ್ವಯಿಸಿ, ಪ್ರವಾಸಿಯ ಕೈಚೀಲಕ್ಕೆ ಅನ್ವಯಿಸದಿರುವುದು ಈ ವ್ಯವಸ್ಥೆಯ ಒಂದು ಅಪೂರ್ಣತೆ.

ಪ್ರವಾಸಿಗರು ಗಮನಿಸಬೇಕಾದ ಮತ್ತೊಂದು ಕಾನೂನು 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ. ಇದರ ಪ್ರಕಾರ 100 ವರ್ಷಕ್ಕೂ ಹಳೆಯದಾದ ಶಿಲ್ಪ, ಕಲಾಕೃತಿಗಳನ್ನು ಖಾಸಗಿ ವ್ಯಕ್ತಿಗಳು ದೇಶದ ಹೊರಗೆ ಒಯ್ಯುವಂತಿಲ್ಲ. ಹಸ್ತಪ್ರತಿಗಳಿಗೆ ಈ ಅವಧಿ 75 ವರ್ಷ.

ಟೀಕೆಗಳು

ಸುಂಕರಹಿತ ಮಾರಾಟದ ಲಾಭವು ವಿಮಾನದಲ್ಲಿ ಪ್ರಯಾಣಿಸಲು ಶಕ್ತರಾದವರಿಗೆ ಮಾತ್ರ ದೊರೆಯುತ್ತದೆ ಎಂಬುದು ಪ್ರಮುಖ ಆಕ್ಷೇಪ. ಊರಿನ ಅಂಗಡಿಯಲ್ಲಿ ಪೂರ್ಣ ತೆರಿಗೆ ಕೊಟ್ಟು ಕೊಳ್ಳುವವರಿಗೆ ಈ ರಿಯಾಯಿತಿ ಇಲ್ಲ. ಆರೋಗ್ಯದ ದೃಷ್ಟಿಯಿಂದಲೂ ಆಕ್ಷೇಪಗಳಿವೆ. ಭಾರತವೂ ಸಹಿ ಹಾಕಿರುವ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವು ಅಂತರರಾಷ್ಟ್ರೀಯ ಪ್ರಯಾಣಿಕರಿಗೆ ಸುಂಕರಹಿತ ತಂಬಾಕು ಮಾರುವುದನ್ನು ನಿಷೇಧಿಸುವ ಅಥವಾ ನಿರ್ಬಂಧಿಸುವ ಕ್ರಮವನ್ನು ಸೂಚಿಸುತ್ತದೆ. ಇದಲ್ಲದೆ, ಸುಂಕವಿಲ್ಲವೆಂದ ಮಾತ್ರಕ್ಕೆ ಬೆಲೆ ಕಡಿಮೆಯಿರಬೇಕೆಂಬ ನಿಯಮವಿಲ್ಲ. ವಿಮಾನ ನಿಲ್ದಾಣದ ಅಂಗಡಿಗಳ ದುಬಾರಿ ಬಾಡಿಗೆಯೂ ವ್ಯಾಪಾರಿಯ ಲಾಭವೂ ಬೆಲೆಯಲ್ಲಿ ಸೇರಿರುವುದರಿಂದ, ಕೆಲವು ವಸ್ತುಗಳು ಹೊರಗಿನ ಮಾರುಕಟ್ಟೆಯಲ್ಲಿಯೇ ಅಗ್ಗವಾಗಿ ದೊರೆಯುವುದುಂಟು.